ಯಾರೂ ಒತ್ತದ ಗುಲಾಬಿ

ಬಸ್ಸು ಬಾರದೆ ನನಗೆ ಪಿತ್ತ ನೆತ್ತಿಗೇರಿತ್ತು. ಸಾಲಿನಲ್ಲಿ ಮುಂದಿದ್ದ ಒಬ್ಬ ಹೆಂಗಸು, ಒಬ್ಬ ಹುಡುಗನ ಜಗಳ ಬೇರೆ. ಆಕೆ ಅಂಗಡಿಯೊಂದರಲ್ಲಿ ಬಣ್ಣ ಬೆರೆಸುವ ಯಂತ್ರ ನೋಡಿಕೊಳ್ಳುವವಳು. ಆ ಯಂತ್ರ ನಡೆಸುವ ಕಂಪ್ಯೂಟರಿನ ಪ್ರೋಗ್ರಾಂ ಬರೆದವನು ಪಕ್ಕದಲ್ಲಿದ್ದ ಅವಳ ಮೈದುನ.

“ನಾನು ಒತ್ತಿದ್ದು ತಿಳಿ ನೀಲಿ ಕಣೋ. ಆಸ್ಪತ್ರೆ ಗೋಡೆಗೆಲ್ಲ ಗುಲಾಬಿ ಬಳಿದಾಯ್ತು. ಇವತ್ತು ಮಾಲೀಕರು ನನ್ನನ್ನ ಕೆಲಸ ಬಿಡಿಸಿ ಮನೆಗೆ ಕಳಿಸ್ತಾರೆ.”

“ಬಳಿಯೋರಾದ್ರೂ ಕೇಳಬಾರದಿತ್ತಾ?”

“ಕೊಟ್ಟ ಡಬ್ಬಿ ಬಳೀತಾರಪ್ಪ ಅವರು.”

“ನೀಲಿ ಒತ್ತಿದ ಮೇಲೆ ಇನ್ನೇನಾದ್ರೂ ಮಾಡಿದ್ರಾ ಅತ್ತಿಗೆ?”

“ಹೊಸ ಬಣ್ಣ ಬಂದಿತ್ತು, ಪಟ್ಟಿಗೆ ಸೇರಿಸಿದೆ. ಅದೂ ತಪ್ಪಾ?”

“ಅಲ್ಲ. ಆಗ ಪಟ್ಟಿ ಖಾಲಿಯಾಗಿ ಮತ್ತೆ ತುಂಬುತ್ತೆ. ತುಂಬಿದ್ದೇ ತಡ, ತಾನಾಗೇ ಮೊದಲನೇ ಬಣ್ಣ, ಅಂದ್ರೆ ಗುಲಾಬಿ, ಹಿಡ್ಕೊಳ್ಳುತ್ತೆ. ಆಯ್ಕೆ ಬದಲಾಯ್ತು ಅಂತ ಸುದ್ದಿ ಹೋಗುತ್ತೆ. ನೀವೇ ಒತ್ತಿದ್ರಿ ಅಂತ ಪ್ರೋಗ್ರಾಂ ನಂಬುತ್ತೆ.”

“ಯಾರೂ ಒತ್ತದೇ?”

“ಯಾರೂ ಒತ್ತದೇ.”

“ನಿಮ್ಮಣ್ಣನ ಥರಾನೇ. ಮೊದಲು ತೋರಿಸಿದ ಹುಡುಗೀನೇ ಒಪ್ಕೊಂಡ.”

“ಅದು ಒಳ್ಳೇದೇ ಆಯ್ತಲ್ಲ.”

“ಬೆಣ್ಣೆ ಹಚ್ಚಬೇಡ. ಒತ್ತಿದ್ದು ಕೈಯೋ ಪಟ್ಟಿಯೋ ಅಂತ ನೋಡೋ ಹಾಗೆ ನೀನು ಬರೀಬೇಕಿತ್ತಾ, ಇಲ್ವಾ?”

“ಬರೀಬೇಕಿತ್ತು.”

“ಮಾಲೀಕರಿಗೆ ಏನಂತೀಯ?”

“ಪಟ್ಟಿ ತಾನೇ ಒತ್ಕೊಂಡ್ತು ಅಂತ...”

ಬಸ್ಸು ಬಂತು. ಆಕೆ ಅವನ ತೋಳು ಹಿಡಿದು ಎಳೆದಳು.

“ಹತ್ತು. ಅಲ್ಲಿ ಪಟ್ಟಿ ಗಿಟ್ಟಿ ಅನ್ನಬೇಡ.”

“ಮತ್ತೆ ಯಾರ ತಪ್ಪು ಅನ್ನಲಿ?”

“‘ಪ್ರೋಗ್ರಾಂ ಬರೆದ ನಂದೇ ತಪ್ಪು’ ಅನ್ನು.”

ಇಬ್ಬರೂ ಹತ್ತಿದರು. ಯಾರೂ ಒತ್ತದೆ ಒತ್ತಿದಂತಾಗುವುದು ಹೇಗೆಂದು ತಲೆ ಕೆರೆದುಕೊಳ್ಳುತ್ತಾ ನಿಂತುಬಿಟ್ಟೆ. ನನ್ನದೂ ಅದೇ ಬಸ್ಸು. ಹಾಳಾದ್ದು, ಹೊರಟೇ ಹೋಯಿತು.