ಕೆರೆಯ ನಡುವೆ ಮಾವ, ಅಳಿಯ

ಕೊಡೈಕೆನಾಲಿನ ಕೆರೆಯ ಪಕ್ಕ ಸುಟ್ಟ ಜೋಳಕ್ಕೆಂದು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ರಜೆಗೆ ಬಂದ ಅಕ್ಕ ತಂಗಿ, ಮಧುರೆ ಕಡೆಯವರು. ಇಬ್ಬರ ಕಣ್ಣೂ ನೀರಿನ ನಡುವೆ ಸುಮ್ಮನೆ ಸುತ್ತುತ್ತಿದ್ದ ಒಂದು ಪೆಡಲ್ ದೋಣಿಯ ಮೇಲಿತ್ತು.

“ಅಪ್ಪನ್ನೂ ನನ್ನ ಗಂಡನ್ನೂ ಒಂದೇ ದೋಣೀಲಿ ಕೂರಿಸಿದ್ದು ಯಾರಕ್ಕಾ?”

“ನಾನೇ ಕಣೇ. ನೀನು ನಿನ್ನಿಷ್ಟಕ್ಕೆ ಮದುವೆಯಾಗಿ ಮೂರು ವರ್ಷ ಆಯ್ತು, ಅಪ್ಪ ನಿನ್ನ ಗಂಡನ ಹತ್ರ ಒಂದು ಮಾತೂ ಆಡಿಲ್ಲ. ಅಲ್ಲಿಂದ ಎದ್ದು ಎಲ್ಲಿಗೆ ಹೋಗ್ತಾರೆ?”

“ನೀರಿಗೆ ತಳ್ಳಿಬಿಟ್ರೆ?”

“ಲೈಫ್ ಜಾಕೆಟ್ ಇದೆ, ಬಿಡು.”

“ತಮಾಷೆ ಸಾಕು. ದೋಣಿ ಮುಂದಕ್ಕೇ ಹೋಗ್ತಿಲ್ಲ, ನೋಡು.”

“ಇಬ್ರೂ ದೋಣಿ ತಿರುಗಿಸೋ ಹಿಡೀನ ಒಂದೊಂದು ಕಡೆ ಎಳೀತಿದ್ದಾರೆ. ಬಾಯಿ ಬಿಡೋವರೆಗೂ ಹೀಗೇ.”

ಅಷ್ಟರಲ್ಲಿ ನೀರಿನ ಮೇಲಿಂದ ಒಂದು ಗಡಸು ಕೂಗು ಬಂತು.

“ಎಡಕ್ಕೆ ಮಾಪ್ಳೆ, ಎಡಕ್ಕೆ! ಕಣ್ಣು ಕಾಣಲ್ವಾ?”

“ಅಕ್ಕಾ, ಅಪ್ಪ ಬೈದ್ರು!”

“ಬೈಲಿ ಬಿಡೇ. ಅಳಿಯ ಅಂತ ಕರೆದು ಬೈದ್ರಲ್ಲ.”

ದೋಣಿ ನೆಟ್ಟಗಾಗಿ ದಡದ ಕಡೆ ಹೊರಟಿತು. ತಂಗಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

“ಅಳೋದು ನಿಲ್ಸು. ಅಪ್ಪ ನೋಡಿದ್ರೆ ಮತ್ತೆ ಬಿಗ್ಕೋತಾರೆ. ಏನೂ ಆಗದೇ ಇದ್ದಂಗೆ ಬಾ.”

ಏನೂ ಆಗಿಲ್ಲವೆಂಬಂತೆ ದೋಣಿಯ ಕಡೆ ನಾಲ್ಕು ಹೆಜ್ಜೆ ನಡೆದರು. ಆಮೇಲೆ ಇಬ್ಬರೂ ಓಡಿದರು.