ಕುಸ್ತಿ ಕಣದ ಹಲಗೆ

ನಿನ್ನೆ ನೋಡಲು ಹೋದ ಹಳೆಯ ಕುಸ್ತಿ ಕ್ರೀಡಾಂಗಣದಲ್ಲಿ ಯಾರೂ ಇಲ್ಲದಿದ್ದರೂ ಹಲಗೆ ಬಾರಿಸಿದ್ದು ಕೇಳಿಸಿತೆಂದು ದಿನಚರಿಯಲ್ಲಿ ಬರೆಯಲೂ ಚನ್ನಮಲ್ಲಮ್ಮನಿಗೆ ಅಂಜಿಕೆ. ರಾಯಚೂರು ಬಸ್ ನಿಲ್ದಾಣದಲ್ಲಿ ಅವಳ ಪಕ್ಕದಲ್ಲೇ ಆ ಕ್ರೀಡಾಂಗಣದ ಕಾವಲುಗಾರನಾಗಿದ್ದ ಮುದುಕ ಸೂಗಪ್ಪ, ಮಗಳು ವೆಂಕಮ್ಮನ ಜೊತೆ ಕೂತಿದ್ದ.

“ಹಲಗಿ ಕೇಳತದ ಅಂದಿ, ಹುಚ್ಚ ಅಂತ ಕೆಲಸ ಬಿಡಿಸಿದ್ರು. ಇನ್ನರ ಸುಮ್ಮನಿರು, ಯಪ್ಪಾ.”

“ಹೆಸರು ಕರದ ಪೈಲ್ವಾನ ಕಣಕ್ಕ ಇಳಿಯೋತನಕ ಹಲಗಿ ನಿಲ್ಲಸಬಾರದವ್ವಾ. ಅದು ಪದ್ಧತಿ.”

“ಅಲ್ಲಿ ಹೆಸರು ಕರದಿದ್ದ ಪೈಲ್ವಾನ ಕುಸ್ತಿಗೆ ಬರೂಮುಂದ ಹೊಳ್ಯಾಗ ಮುಳುಗಿದ್ದು ನಿಜಾಮನ ಕಾಲದಾಗ!”

“ಹಲಗಿಯವಗ ಅದನ್ನ ಯಾರು ಹೇಳ್ಯಾರ?”

“ಅವನೂ ಸತ್ತಾನಲ್ಲ!”

“ಅದಕ್ಕ ಕೈ ಸೋಲವಲ್ದು.”

“ನಿನ್ನ ಕಿವಿ ಕೆಟ್ಟಾವ. ದೇವದುರ್ಗದ ಬಸ್ ಬಂತು, ನಡಿ.”

ಸೂಗಪ್ಪ ತಲೆ ತಗ್ಗಿಸಿ ಎದ್ದು ಬಸ್ಸಿನತ್ತ ನಡೆದ. ಚನ್ನಮಲ್ಲಮ್ಮನೂ ಎದ್ದು ನಿಂತಳು.

“ಅಕ್ಕಾರ, ಅವರ ಕಿವಿ ಕೆಟ್ಟಿಲ್ರಿ. ನಿನ್ನಿ ನನಗೂ ಕೇಳಿಸ್ತು.”