ಗ್ಯಾರೇಜಿನ ಹಸಿ ಬಣ್ಣದ ಮೇಲಿನ ಹೆಜ್ಜೆಗಳು

ನಾನು ರೊಂಡಾ ಕ್ಲೆವೆಂಜರ್, ತಂದೆ ದಿವಂಗತ ಆರ್ಲೊ ಕ್ಲೆವೆಂಜರ್, ವಯಸ್ಸು 43 ವರ್ಷ, ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಬಿಡುವಿನಲ್ಲಿ ಕುರ್ಚಿ ಸೋಫಾಗಳಿಗೆ ಹೊಸ ಬಟ್ಟೆ ಹಾಕಿಕೊಡುವುದು, ವಾಸ ಮನೆ ನಂ. 318, ಟ್ಯಾನರಿ ರಸ್ತೆ, ಹಾರ್ಲೋ ಕ್ರೀಕ್, ಒಹಾಯೊ. ಇಂದು 1993ನೇ ಇಸವಿ ಅಕ್ಟೋಬರ್ 16, ಶನಿವಾರ, ಸಂಜೆ 4.30ಕ್ಕೆ ಠಾಣೆಗೆ ಖುದ್ದಾಗಿ ಬಂದು, ಕೇಳಿದ್ದನ್ನೂ ಕೇಳದ್ದನ್ನೂ ಹೇಳಿ ಬರೆಸುತ್ತಿರುವುದೇನೆಂದರೆ:

ಡ್ವೇನ್ ಸ್ಟಿಡಮ್, ವಯಸ್ಸು 46, ನನ್ನ ಮಾಜಿ ಗಂಡ. ನಾವು ಹತ್ತೊಂಬತ್ತು ವರ್ಷ ಒಟ್ಟಿಗೆ ಇದ್ದೆವು. ಅವನು ನನ್ನಿಂದಲೂ ನನ್ನ ಮನೆಯಿಂದಲೂ ಐನೂರು ಅಡಿ ದೂರ ಇರತಕ್ಕದ್ದೆಂದು ಈ ವರ್ಷ ಫೆಬ್ರವರಿ 23ರಂದು ನ್ಯಾಯಾಲಯ ಆದೇಶ ಕೊಟ್ಟಿದೆ. ಅದರ ಪ್ರತಿ ನನ್ನ ಕೈಚೀಲದಲ್ಲಿ ಸದಾ ಇರುತ್ತದೆ. ಈ ಮೊದಲು ಎರಡು ಸಲ ಇದೇ ಠಾಣೆಗೆ ದೂರು ಕೊಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಅವನ ಟ್ರಕ್ ನನ್ನ ಮನೆಯೆದುರು ನಲವತ್ತು ನಿಮಿಷ ನಿಂತಿತ್ತು. ಇಂಜಿನ್ ಬಿಸಿಯಾಗಿತ್ತು ಎಂದು ಅವನು ಹೇಳಿದನು. ಜುಲೈನಲ್ಲಿ ಅವನು ಕುಡಿಯುವ ಬಗೆಯ ಕಾಫಿ, ಅರ್ಧ ಲೋಟ, ಇನ್ನೂ ಬೆಚ್ಚಗಿದ್ದದ್ದು, ನನ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಇತ್ತು. ಕಾಫಿಯನ್ನು ಊರೆಲ್ಲ ಕುಡಿಯುತ್ತದೆ ಎಂದು ಠಾಣೆಯಲ್ಲಿ ಹೇಳಿದರು. ಅದು ನಿಜ.

ನನ್ನ ಮನೆಯ ಗ್ಯಾರೇಜು ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಮೊದಲು ಅದರಲ್ಲಿ ಅವನ ಟ್ರಕ್ ನಿಲ್ಲುತ್ತಿತ್ತು. ಇಷ್ಟು ದಿನ ನಾನು ಅಡುಗೆಮನೆಯ ಮೇಜಿನ ಮೇಲೆಯೇ ಕುರ್ಚಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಕಳೆದ ತಿಂಗಳು ಮೆಥಡಿಸ್ಟ್ ಚರ್ಚಿನವರು ತಮ್ಮ ಸಭಾಂಗಣದ ಇಪ್ಪತ್ತನಾಲ್ಕು ಕುರ್ಚಿಗಳನ್ನು ನನಗೆ ಒಪ್ಪಿಸಿದರು. ಅಷ್ಟು ಕುರ್ಚಿಗಳಿಗೆ ಅಡುಗೆಮನೆ ಸಾಲದು. ಆದ್ದರಿಂದ ಗ್ಯಾರೇಜನ್ನು ಕೆಲಸದ ಕೋಣೆ ಮಾಡಿಕೊಳ್ಳಲು ನಿರ್ಧರಿಸಿದೆ. ನೆಲದಲ್ಲಿ ಟ್ರಕ್ಕಿನ ಎಣ್ಣೆ ಇಳಿದು ಕಪ್ಪಗಾಗಿತ್ತು. ಎಣ್ಣೆ ಉಳಿದರೆ ಬಣ್ಣ ಕಚ್ಚುವುದಿಲ್ಲ. ಬುಧವಾರದಿಂದ ಶುಕ್ರವಾರದವರೆಗೆ ಪ್ರತಿ ದಿನ ಕೆಲಸದಿಂದ ಬಂದ ಮೇಲೆ ಮೊಣಕಾಲೂರಿ ಉಜ್ಜಿದ್ದೇನೆ. ಹಿಂದಿನ ಗೋಡೆಯಲ್ಲಿ ನನ್ನ ಸುತ್ತಿಗೆ, ಕತ್ತರಿ, ಕುರ್ಚಿಯ ಸೀಟಿನ ಪಟ್ಟಿ ಬಿಗಿಯಾಗಿ ಎಳೆಯುವ ಹಲಗೆ ಇವನ್ನು ಮೊಳೆ ಹೊಡೆದು ತೂಗುಹಾಕಿದ್ದೇನೆ.

ಈ ದಿನ ಬೆಳಿಗ್ಗೆ 7.45ಕ್ಕೆ ಬಣ್ಣ ಹಚ್ಚಲು ಶುರು ಮಾಡಿದೆ. ಬಣ್ಣ ಬೂದು, ಎಣ್ಣೆ ಬಣ್ಣ. ಹಿಂದಿನ ಗೋಡೆಯಿಂದ ಬಾಗಿಲ ಕಡೆಗೆ ಬಂದು 9.50ಕ್ಕೆ ಮುಗಿಸಿದೆ. ಬಣ್ಣ ಆರುವವರೆಗೆ ಬಾಗಿಲು ಪೂರ್ತಿ ತೆರೆದಿರಬೇಕೆಂದು ಡಬ್ಬಿಯ ಮೇಲೆ ಬರೆದಿದೆ. ಫೆಬ್ರವರಿಯಿಂದ ಈಚೆಗೆ ನನ್ನ ಮನೆಯ ಯಾವ ಬಾಗಿಲೂ ಅಷ್ಟು ಹೊತ್ತು ತೆರೆದಿರಲಿಲ್ಲ.

ಅಡುಗೆಮನೆಯ ತೊಟ್ಟಿಯಲ್ಲಿ ಟರ್ಪೆಂಟೈನ್ ಹಾಕಿ ಕೈ ತೊಳೆಯುತ್ತಿದ್ದಾಗ, 10.20ಕ್ಕೆ, ಜಲ್ಲಿಕಲ್ಲಿನ ಮೇಲೆ ಯಾರೋ ನಡೆದ ಸದ್ದಾಯಿತು. ಹೊರಗೆ ಬಂದೆ. ಅಡುಗೆಮನೆ ಬಾಗಿಲಿಗೂ ಗ್ಯಾರೇಜಿಗೂ ಮೂವತ್ತೆರಡು ಅಡಿ. ಡ್ವೇನ್ ಹಸಿ ನೆಲದ ಮೇಲೆ ಹಿಂದಿನ ಗೋಡೆಯವರೆಗೂ ನಡೆದುಹೋಗಿ, ತೂಗುಹಾಕಿದ್ದ ಸಾಮಾನು ನೋಡುತ್ತ ನಿಂತಿದ್ದನು. ನನ್ನ ಕಡೆ ತಿರುಗಿದನು. ಕೋಪದಲ್ಲಿರಲಿಲ್ಲ. "ಬಣ್ಣ ಚೆನ್ನಾಗಿದೆ ರಾನಿ. ಆದ್ರೆ ಅಂಚಲ್ಲಿ ಬಿಟ್ಟಿದ್ದೀಯ ನೋಡು. ನಿಂಗೆ ಅಂಚು ಯಾವತ್ತೂ ಕೂಡಿಬರಲ್ಲ" ಎಂದನು. ರೊಂಡಾ ಎಂಬುದನ್ನು ಮೊಟಕು ಮಾಡಿ ರಾನಿ ಎಂದು ಅವನೊಬ್ಬನೇ ನನ್ನನ್ನು ಕರೆಯುವುದು. ಅವನು ಅವಸರವಿಲ್ಲದೆ ಅದೇ ನೆಲದ ಮೇಲೆ ನಡೆದು ಬಂದು, ನನ್ನಿಂದ ನಾಲ್ಕಡಿ ಆಚೆ ಹಾದು, ಹುಲ್ಲಿನಲ್ಲಿ ಬೂಟು ಒರೆಸಿಕೊಂಡು ಬೇಲಿ ಮಗ್ಗುಲಿಂದ ಹೊರಟುಹೋದನು. ಟ್ರಕ್ ನನಗೆ ಕಾಣಿಸಲಿಲ್ಲ.

ಹೋಗುವಾಗಿನ ಹೆಜ್ಜೆ ಹನ್ನೊಂದು, ಬರುವಾಗಿನವು ಒಂಬತ್ತು. ಗೋಡೆಯ ಬಳಿ ಎರಡು ಪಾದಗಳು ಜೋಡಿಯಾಗಿದ್ದವು. ಎಡ ಬೂಟಿನ ಹಿಮ್ಮಡಿ ಹೊರಗಡೆ ಸವೆದದ್ದು ಬಣ್ಣದಲ್ಲಿ ಸ್ಪಷ್ಟವಾಗಿ ಒತ್ತಿತ್ತು. ಆ ಬೂಟಿನ ಕೆಸರನ್ನು ಎಷ್ಟೋ ವರ್ಷ ನಾನೇ ಕೆರೆದು ತೆಗೆದಿದ್ದೇನೆ, ನನಗೆ ಗೊತ್ತು. ನಾನು ಅಲ್ಲಿಯೇ ನಿಂತು ಎರಡು ಸಲ ಎಣಿಸಿದೆ. ಆಗ ನನಗೆ ಭಯಕ್ಕಿಂತ ಮೊದಲು ಸಮಾಧಾನವಾಯಿತೆಂಬುದನ್ನೂ ಹೇಳುತ್ತೇನೆ. ಎಂಟು ತಿಂಗಳಲ್ಲಿ ಅವನು ಮೊದಲ ಸಲ ಗುರುತು ಬಿಟ್ಟು ಹೋಗಿದ್ದನು.

10.31ಕ್ಕೆ ಠಾಣೆಗೆ ಫೋನ್ ಮಾಡಿದೆ. ಶಾಲೆಯಲ್ಲಿ ಫುಟ್ಬಾಲ್ ಪಂದ್ಯವಿರುವುದರಿಂದ ಇರುವ ಎರಡೂ ಕಾರುಗಳು ಅಲ್ಲಿವೆ, ಒಂದನ್ನು ಕಳಿಸುತ್ತೇವೆ ಎಂದರು. ಬಳಿಕ ನನ್ನ ತಾಯಿ ವಿಲ್ಮಾ ಅವರಿಗೆ ಫೋನ್ ಮಾಡಿದೆ. ಅವರಿಗೆ 70 ವರ್ಷ, ಎರಡು ಬೀದಿ ಆಚೆ ಇದ್ದಾರೆ. 10.50ಕ್ಕೆ ಬಂದರು. ನೆಲ ನೋಡಿ, "ಅಯ್ಯೋ, ಮೂರು ದಿನ ಸಾಯ್ತಾ ಉಜ್ಜಿದ್ಯಲ್ಲೇ" ಎಂದರು. 11.15ಕ್ಕೆ ಮತ್ತೆ ಠಾಣೆಗೆ ಫೋನ್ ಮಾಡಿದಾಗ, ಕಾರು ಬರುವವರೆಗೆ ಯಾರೂ ಏನನ್ನೂ ಮುಟ್ಟದಂತೆ ನೋಡಿಕೊಳ್ಳಿ ಎಂದರು. ನೆಲದ ಬಣ್ಣ ಬಿಗಿಯುತ್ತ ಬಂದಿತ್ತು. ಫೋಟೋ ತೆಗೆದಿಟ್ಟರೆ ಒಳ್ಳೆಯದೆಂದು ನನಗೆ ತೋಚಿತು. ನನ್ನಲ್ಲಿ ಕ್ಯಾಮೆರಾ ಇಲ್ಲ, ಇದ್ದದ್ದನ್ನು ಡ್ವೇನ್ ತೆಗೆದುಕೊಂಡು ಹೋಗಿದ್ದಾನೆ. ಔಷಧಿ ಅಂಗಡಿಯಲ್ಲಿ ಒಂದು ಸಲ ಬಳಸುವ ಕ್ಯಾಮೆರಾ ಸಿಗುತ್ತದೆ. ಅಂಗಡಿ ಒಂದೂವರೆ ಮೈಲಿ. ಒಳಗೆ ಯಾರನ್ನೂ ಬಿಡಬೇಡಿ ಎಂದು ತಾಯಿಗೆ ಹೇಳಿ, ಅವರಿಗೊಂದು ಕುರ್ಚಿ ಹಾಕಿಕೊಟ್ಟು, 11.30ಕ್ಕೆ ಹೊರಟೆ. "ಯಾರು ಬರ್ತಾರೆ ಬರ್ಲಿ, ನಾನಿದೀನಲ್ಲ" ಎಂದು ಅವರು ಹೇಳಿದರು.

12.05ಕ್ಕೆ ಕ್ಯಾಮೆರಾ ತಂದೆ. ತಾಯಿ ಎರಡೂ ಕಾಲಿಗೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಉದ್ದ ಕೋಲಿನ ರೋಲರ್ ಹಿಡಿದು, ಬಾಗಿಲ ಹತ್ತಿರದ ಕೊನೆಯ ಮೂರು ಅಡಿಯಲ್ಲಿ ಇದ್ದರು. ಡಬ್ಬಿಯ ತಳದ ಬಣ್ಣ ಬಹುಪಾಲು ಖರ್ಚಾಗಿತ್ತು. ಗೋಡೆಯಿಂದ ಅವರ ಕಾಲಿನವರೆಗೆ ನೆಲ ಒಂದೇ ಸಮ ಇತ್ತು.

"ಬಂದ್ಯಾ? ನೋಡು, ಏನೂ ಆಗೇ ಇಲ್ಲ ಅನ್ನೋ ಹಾಗೆ ಮಾಡಿಟ್ಟಿದೀನಿ" ಎಂದು ತಾಯಿ ಹೇಳಿದರು.

ನಾನು ಯಾಕೆ ಎಂದು ಕೇಳಿದೆ. "ಇನ್ನರ್ಧ ಗಂಟೆ ಬಿಟ್ಟಿದ್ರೆ ಗಟ್ಟಿಯಾಗಿಬಿಡ್ತಿತ್ತು ಕಣೇ. ಆಮೇಲೆ ದಿನಾ ಅವನ ಹೆಜ್ಜೆ ಮೇಲೇ ಕೂತು ಕೆಲಸ ಮಾಡ್ಬೇಕಿತ್ತು ನೀನು. ಫೋಟೋ ಅಂತೆ ಫೋಟೋ. ಅದನ್ನ ಯಾರು ನೋಡ್ತಾರೆ?" ಎಂದರು. ಅವರಿಗೆ ಮಂಡಿ ನೋವಿದೆ. ಇಪ್ಪತ್ತು ಅಡಿ ಹಿಂದಕ್ಕೆ ನಡೆಯುತ್ತ ಹಚ್ಚಿದ್ದರಿಂದ ಉಸಿರು ಮೇಲಕ್ಕೆ ಬಂದಿತ್ತು. ಅವರನ್ನು ನಾನು ಬೈಯಲಿಲ್ಲ. ಉಳಿದ ಮೂರು ಅಡಿಯನ್ನು ಹಾಗೇ ಬಿಟ್ಟರೆ ಗೆರೆ ಬೀಳುತ್ತದೆಂದು ರೋಲರ್ ತೆಗೆದುಕೊಂಡು ನಾನೇ ಮುಗಿಸಿದೆ. ಅದರಲ್ಲಿ ಹೊರಗೆ ಬರುವ ಕೊನೆಯ ಎರಡು ಹೆಜ್ಜೆಗಳಿದ್ದವು. ಅದು ನನ್ನ ತಪ್ಪು. ಆ ಹೊತ್ತಿಗೆ ನನಗೆ ಅದು ಹೊಳೆಯಲಿಲ್ಲ, ಅಥವಾ ಹೊಳೆದಿತ್ತು. ಕ್ಯಾಮೆರಾದಲ್ಲಿ ಇಪ್ಪತ್ತನಾಲ್ಕು ಫೋಟೋ ತೆಗೆಯಬಹುದು. ಒಂದು ತೆಗೆದಿದ್ದೇನೆ. ಅದರಲ್ಲಿರುವುದು ಬೂದು ನೆಲ ಮಾತ್ರ.

1.50ಕ್ಕೆ ಅಧಿಕಾರಿ ಗ್ಯಾರಿ ಸ್ಟೌಟ್ ಬಂದರು. ಹೆಜ್ಜೆ ಎಲ್ಲಿದೆ ಎಂದು ಕೇಳಿದರು. ಇಲ್ಲಿ ಇತ್ತು ಎಂದೆ. ತಾಯಿ ಮುಂದೆ ಬಂದು, ತಾನೇ ಅಳಿಸಿದ್ದು, ಮಗಳದೇನೂ ತಪ್ಪಿಲ್ಲ ಎಂದು ಒಪ್ಪಿಕೊಂಡರು. ಅಧಿಕಾರಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಾಕಿ ಸ್ವಲ್ಪ ಹೊತ್ತು ನೋಡಿದರು. "ಚೆನ್ನಾಗೇ ಹಚ್ಚಿದ್ದೀರಮ್ಮ" ಎಂದರು. ಅವರು ಅಣಕಿಸಲಿಲ್ಲ. ಹುಲ್ಲಿನಲ್ಲಿ ಬೂದು ಬಣ್ಣ ಒರೆಸಿದ ಜಾಗ ತೋರಿಸಿದೆ. ತಾಯಿ ಬ್ರೆಡ್ಡಿನ ಚೀಲ ಬಿಚ್ಚಿ ಒರೆಸಿದ್ದೂ ಅಲ್ಲಿಯೇ. ಯಾವುದು ಯಾರದೆಂದು ಹೇಳಲಾಗುವುದಿಲ್ಲ ಎಂದು ಅಧಿಕಾರಿ ಹೇಳಿದರು. ಅವನ ಬೂಟಿನ ಅಡಿಯಲ್ಲಿ ಬಣ್ಣವಿರುತ್ತದೆ, ಈಗಲೇ ಹೋಗಿ ನೋಡಿ ಎಂದು ನಾನು ಕೇಳಿಕೊಂಡೆ. ಅವರು ಹೋದರು.

3.10ಕ್ಕೆ ಅಧಿಕಾರಿ ವಾಪಸು ಬಂದು ತಿಳಿಸಿದ್ದು: ಡ್ವೇನ್ ನೇಗಿಲು ಟ್ರ್ಯಾಕ್ಟರ್ ರಿಪೇರಿ ಮಾಡುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ, ಅಲ್ಲಿ ದಿನವೂ ಬೂದು ಬಣ್ಣ ಹೊಡೆಯುತ್ತಾರೆ, ಅವನ ಬೂಟು ಮಾತ್ರವಲ್ಲ, ಮಾಲೀಕನ ಬೂಟು, ಅಲ್ಲಿ ಮಲಗಿದ್ದ ನಾಯಿಯ ಬಾಲ, ಎಲ್ಲವೂ ಬೂದು. ಅವನು ಬೆಳಗಿನಿಂದ ಇಲ್ಲಿಯೇ ಇದ್ದಿರಬೇಕು, ನಾನೇನು ಕಾವಲು ಕೂತಿಲ್ಲ ಎಂದು ಮಾಲೀಕ ಹೇಳಿದನಂತೆ. ಡ್ವೇನ್ ನಗುತ್ತ, "ಮುಚ್ಚಿದ ಜಾಗದಲ್ಲಿ ಬಣ್ಣ ಹಚ್ಚಿದಾಳೆ, ವಾಸನೆ ತಲೆಗೇರಿರ್ಬೇಕು ಪಾಪ. ಕಿಟಕಿ ತೆಗಿಯಕ್ಕೆ ಹೇಳಿ" ಎಂದನಂತೆ. ನಮ್ಮ ಗ್ಯಾರೇಜಿಗೆ ಕಿಟಕಿ ಇಲ್ಲ. ಬಣ್ಣ ಹಚ್ಚಿದ್ದು ಗ್ಯಾರೇಜಿಗೆ ಎಂದು ಅವನಿಗೆ ನೀವು ಹೇಳಿದ್ದಿರಾ ಎಂದು ಅಧಿಕಾರಿಯನ್ನು ಕೇಳಿದೆ. ಹೇಳಿದ್ದೆ ಎಂದರು.

ನನ್ನ ತಾಯಿ ಈಗ ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ಅವರು ಡ್ವೇನ್‌ನನ್ನು ನೋಡಿಲ್ಲವಾದ್ದರಿಂದ ಅವರ ಹೇಳಿಕೆ ಬೇಕಾಗಿಲ್ಲ ಎಂದು ತಿಳಿಸಲಾಗಿದೆ. ಹೆಜ್ಜೆಗಳನ್ನು ಅವರು ನೋಡಿದ್ದಾರೆ. ಆದರೆ ಅವರು ನನ್ನ ತಾಯಿ.

ಇದರಿಂದ ನಿಮಗೆ ಏನಾಗಬೇಕು ಎಂದು ನನ್ನನ್ನು ಕೇಳಲಾಯಿತು. ಅವನನ್ನು ಹಿಡಿಯುತ್ತಾರೆಂದು ನಾನು ನಂಬಿ ಬಂದಿಲ್ಲ. ಮುಂದೆ ನಾನೇ ಹೇಳಲಾಗದಂಥದ್ದು ಏನಾದರೂ ಆದರೆ, ಆಗ ಈ ಕಡತ ತೆಗೆದು ನೋಡುವವರಿಗೆ, ನಾನು ದಿನಾಂಕ, ಗಂಟೆ, ಅಡಿ ಸಮೇತ ಹೇಳಿದ್ದೆನೆಂಬುದು ಸಿಗಬೇಕು. ಅದಕ್ಕೆ ಬಂದಿದ್ದೇನೆ.

ಬರೆದುಕೊಂಡದ್ದನ್ನು ಸಾರ್ಜೆಂಟ್ ಲೀ ಆನ್ ಟಟಲ್ ಅವರು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಕಡತದ ಮೊದಲ ಹಾಳೆಯಲ್ಲಿ ಠಾಣೆಯವರು ಬರೆದ ಸಾರಾಂಶದಲ್ಲಿ ಒಂದು ಕಡೆ ಹೊರತು. "ಡ್ವೇನ್ ಬಂದಿದ್ದನು" ಎಂದು ನಾನು ಹೇಳಿದ್ದು, "ಬಂದಿದ್ದನೆಂದು ಹೇಳಲಾದ ವ್ಯಕ್ತಿ" ಎಂದಾಗಿದೆ. ತಿದ್ದಿ ಎಂದು ಕೇಳಿದೆ. ಸಾಕ್ಷಿ ಇಲ್ಲದಾಗ ಹಾಗೆಯೇ ಬರೆಯುವುದು ಎಂದರು. ನಾನು ಒತ್ತಾಯ ಮಾಡದೆ ರುಜು ಹಾಕಿರುತ್ತೇನೆ.

ಹಾರ್ಲೋ ಕ್ರೀಕ್
16-10-1993, ಸಂಜೆ 5.40

(ರುಜು) ರೊಂಡಾ ಕ್ಲೆವೆಂಜರ್